ಒರಟು ಯಾರಿಗೆ? ಬೆಳಕು ಚದುರಿಸುವ ಮೇಲ್ಮೈಗಳ ಮಾದರಿ ಬೆಳೆದು ಬಂದ ಬಗೆ

ಕನ್ನಡ ಎಂ.ಎ. ವಿದ್ಯಾರ್ಥಿ ಬೆಳಕಿನ ವಿಷಯ ಹಿಡಿದುಕೊಂಡು ಬಂದದ್ದು ಯಾಕೆ ಅಂತ ಕೆಲವರಿಗಾದರೂ ಅನ್ನಿಸಿರಬಹುದು. ಕಾಸರಗೋಡಿನಲ್ಲಿ ಹತ್ತನೆಯವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಪ್ಲಸ್ ಟೂನಲ್ಲಿ ಸೈನ್ಸ್, ಆಮೇಲೆ ಸಾಹಿತ್ಯ. ವಿಜ್ಞಾನದ ಹಳೆಯ ಬರಹಗಳನ್ನು ಗದ್ಯವಾಗಿ ಓದುವುದು, ಅವು ಒಂದು ಶಬ್ದವನ್ನು ಹೇಗೆ ಕೆಲಸಕ್ಕೆ ಹಚ್ಚುತ್ತವೆ ಅಂತ ಗಮನಿಸುವುದು ಈಗಿನ ನನ್ನ ಆಸಕ್ತಿ. ಇವತ್ತು ಒಂದೇ ಶಬ್ದ ತೆಗೆದುಕೊಂಡಿದ್ದೇನೆ: ಒರಟು.

ಶಾಲೆಯ ಪುಸ್ತಕದಲ್ಲಿ ಎರಡು ಚಿತ್ರಗಳಿದ್ದದ್ದು ನಿಮಗೂ ನೆನಪಿರಬಹುದು. ಒಂದರಲ್ಲಿ ನೇರ ಗೆರೆ, ಅದಕ್ಕೆ ಸಮಾಂತರವಾಗಿ ಬಂದ ಬಾಣಗಳು ಸಮಾಂತರವಾಗಿಯೇ ಹಿಂದಿರುಗುತ್ತವೆ. ಇನ್ನೊಂದರಲ್ಲಿ ಗರಗಸದ ಹಲ್ಲಿನಂಥ ಗೆರೆ, ಬಾಣಗಳು ದಿಕ್ಕಾಪಾಲು. ಮೊದಲನೆಯದು ನುಣುಪು ಮೇಲ್ಮೈ, ಎರಡನೆಯದು ಒರಟು ಮೇಲ್ಮೈ. ಅಲ್ಲಿಗೆ ಪಾಠ ಮುಗೀತು. ಒರಟು ಅನ್ನುವುದು ಆ ಚಿತ್ರದಲ್ಲಿ ಒಂದು ಗುಣವಾಚಕ. ಕಲ್ಲಿಗೆ ಉಂಟು, ಕನ್ನಡಿಗೆ ಇಲ್ಲ, ಅಷ್ಟೇ. ಆದರೆ ಸುಮಾರು 350 ವರ್ಷಗಳಲ್ಲಿ ಭೌತವಿಜ್ಞಾನ ಈ ಗುಣವಾಚಕವನ್ನು ವಸ್ತುವಿನಿಂದ ಕಿತ್ತು, ವಸ್ತುವಿಗೂ ಅದನ್ನು ನೋಡುವ ಬೆಳಕಿಗೂ ನಡುವಿನ ಸಂಬಂಧವಾಗಿ ಮಾಡಿದೆ. ಆ ಬದಲಾವಣೆ ಒಂದೇ ಸಲ ಆದದ್ದಲ್ಲ, ಒಬ್ಬರಿಂದ ಆದದ್ದೂ ಅಲ್ಲ. ಅದರ ಮುಖ್ಯ ತಿರುವುಗಳನ್ನು ಹೇಳುತ್ತೇನೆ.

ಮೊದಲ ತಿರುವು ಒಂದು ನಾಟಕದಂಥ ಪುಸ್ತಕದಲ್ಲಿದೆ. ಗೆಲಿಲಿಯೋ 1632ರಲ್ಲಿ ಪ್ರಕಟಿಸಿದ ಸಂವಾದದಲ್ಲಿ ಸಾಲ್ವಿಯಾಟಿ, ಸಾಗ್ರೆಡೊ, ಸಿಂಪ್ಲಿಚಿಯೊ ಅಂತ ಮೂವರು ನಾಲ್ಕು ದಿನ ಮಾತಾಡುತ್ತಾರೆ. ಮೊದಲ ದಿನವೇ ಚಂದ್ರನ ಪ್ರಶ್ನೆ ಬರುತ್ತದೆ. ಚಂದ್ರ ಅಷ್ಟು ಪ್ರಕಾಶ ಕೊಡಬೇಕಾದರೆ ಅದು ಕನ್ನಡಿಯ ಹಾಗೆ ಉಜ್ಜಿ ನಯ ಮಾಡಿದ ಗೋಲವೇ ಆಗಿರಬೇಕು ಎಂಬುದು ಸಿಂಪ್ಲಿಚಿಯೊನ ವಾದ. ಸಾಲ್ವಿಯಾಟಿ ಜಗಳ ಆಡುವುದಿಲ್ಲ. ಬಿಸಿಲು ಬಿದ್ದ ಗೋಡೆಗೆ ಒಂದು ಕನ್ನಡಿ ತೂಗುಹಾಕಿಸಿ, ಈಗ ಯಾವುದು ಹೆಚ್ಚು ಬೆಳಗ್ತದೆ, ಗೋಡೆಯೋ ಕನ್ನಡಿಯೋ ಅಂತ ಕೇಳುತ್ತಾನೆ. ಅವರು ನಿಂತ ಜಾಗದಿಂದ ಗೋಡೆಯೇ ಬೆಳ್ಳಗೆ, ಕನ್ನಡಿ ಕಪ್ಪು. ಕನ್ನಡಿ ತನ್ನ ಬೆಳಕನ್ನೆಲ್ಲ ಒಂದೇ ಕಡೆಗೆ ಕಳಿಸಿಬಿಡುತ್ತದೆ. ಆ ದಾರಿಯಲ್ಲಿ ನಿಂತವನಿಗೆ ಕಣ್ಣು ಕುಕ್ಕುತ್ತದೆ, ಉಳಿದವರಿಗೆ ಏನೂ ಇಲ್ಲ. ಗೋಡೆ ಎಲ್ಲರಿಗೂ ಹಂಚುತ್ತದೆ. ಚಂದ್ರ ಕನ್ನಡಿಯ ಗೋಲವಾಗಿದ್ದರೆ ನಮಗೆ ಕಾಣುತ್ತಿದ್ದದ್ದು ಒಂದು ಹೊಳೆಯುವ ಚುಕ್ಕೆ ಮಾತ್ರ. ಚಂದ್ರ ಇಡಿಯಾಗಿ ಕಾಣುವುದೇ ಅದು ಒರಟಾಗಿರುವುದಕ್ಕೆ ಸಾಕ್ಷಿ.

ಇದರ ಜತೆಗೆ ಗೆಲಿಲಿಯೋ ಒಂದು ವಿವರಣೆಯನ್ನೂ ಕೊಡುತ್ತಾನೆ. ಒರಟು ಮೇಲ್ಮೈ ಅಂದರೆ ಲೆಕ್ಕವಿಲ್ಲದಷ್ಟು ಪುಟ್ಟ ಮುಖಗಳ ಗುಂಪು, ಪ್ರತಿಯೊಂದಕ್ಕೂ ಅದರದೇ ಓರೆ. ನೀವೆಲ್ಲಿ ನಿಂತರೂ ನಿಮ್ಮ ಕಡೆಗೆ ತಿರುಗಿದ ಒಂದಷ್ಟು ಮುಖಗಳು ಇದ್ದೇ ಇರುತ್ತವೆ. ಈ ಪುಟ್ಟ ಮುಖಗಳನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮೂರು ಶತಮಾನ ಕಳೆದ ಮೇಲೆ ಅವು ಮತ್ತೆ ಬರುತ್ತವೆ.

ನ್ಯೂಟನ್ ಬೇರೆ ಬಗೆಯ ಮನುಷ್ಯ. ತನ್ನ ದೂರದರ್ಶಕದ ಲೋಹದ ಕನ್ನಡಿಯನ್ನು ತಾನೇ ಕೈಯಾರೆ ಉಜ್ಜಿದವನು, ರಾಳದಂಥ ಪಿಚ್ ಬಳಸಿ ನಯ ಮಾಡುವ ವಿಧಾನವನ್ನು ಬರೆದಿಟ್ಟವನು. ಕೈ ಮಸಿ ಮಾಡಿಕೊಂಡವನಿಗೆ ಮಾತ್ರ ಹೊಳೆಯುವ ಒಂದು ಸಂಶಯ 1704ರ ಆಪ್ಟಿಕ್ಸ್ ಗ್ರಂಥದಲ್ಲಿ ಉಂಟು. ಮರಳು, ತವರದ ಪುಡಿ ಹಾಕಿ ಗಾಜನ್ನು ತಿಕ್ಕುತ್ತೇವೆ. ಪುಡಿ ಸಣ್ಣದಾದಷ್ಟೂ ಗೀರುಗಳು ಸಣ್ಣವಾಗುತ್ತವೆ, ನಿಜ. ಆದರೆ ಗೀರು ಹೋಗುವುದಿಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತದೆ ಅಷ್ಟೇ. ಬೆಳಕು ಗಾಜಿನ ಕಣಗಳಿಗೆ ಬಡಿದು ಪುಟಿಯುವುದಾದರೆ ಎಷ್ಟೇ ನಯ ಮಾಡಿದ ಗಾಜೂ ಅದನ್ನು ಚದುರಿಸಿಬಿಡಬೇಕಿತ್ತು. ಹಾಗಾಗುವುದಿಲ್ಲ. ಆದ್ದರಿಂದ ಬೆಳಕನ್ನು ಹಿಂದಿರುಗಿಸುವುದು ಬಿಡಿ ಕಣಗಳಲ್ಲ, ಇಡೀ ಮೇಲ್ಮೈಯ ಮೇಲೆ ಸಮನಾಗಿ ಹರಡಿಕೊಂಡ ಯಾವುದೋ ಒಂದು ಶಕ್ತಿ ಅನ್ನುವುದು ಅವನ ತೀರ್ಮಾನ. ಇಂದು ಆ ‘ಶಕ್ತಿ’ಯನ್ನು ನಾವು ಒಪ್ಪುವುದಿಲ್ಲ. ಆದರೆ ಪ್ರಶ್ನೆ ಎಷ್ಟು ಸರಿಯಾಗಿತ್ತು ನೋಡಿ. ಗೀರುಗಳಿರುವ ಮೇಲ್ಮೈ ಕನ್ನಡಿಯಂತೆ ಯಾಕೆ ವರ್ತಿಸುತ್ತದೆ? ನಯ ಅನ್ನುವುದು ಗೀರಿನ ಅಭಾವ ಅಲ್ಲ ಎಂದಾದರೆ ಮತ್ತೇನು? ಈ ಎರಡು ಪ್ರಶ್ನೆಗೆ ಉತ್ತರ ಬರಲು ಅಲೆಯ ಸಿದ್ಧಾಂತ ಬೇಕಾಯ್ತು.

ನಡುವೆ 1760 ಬರುತ್ತದೆ. ಆ ಒಂದೇ ವರ್ಷ ಎರಡು ಪುಸ್ತಕಗಳು ಬಂದವು. ಒಂದು ಲ್ಯಾಂಬರ್ಟ್‌ನ ಫೋಟೊಮೆಟ್ರಿಯಾ. ಆದರ್ಶ ಒರಟು ಮೇಲ್ಮೈ ಯಾವ ದಿಕ್ಕಿನಿಂದ ನೋಡಿದರೂ ಒಂದೇ ಹೊಳಪಿನಲ್ಲಿ ಕಾಣುತ್ತದೆ ಎಂಬ ನಿಯಮ ಇವತ್ತಿಗೂ ಅವನ ಹೆಸರಲ್ಲೇ ಇದೆ. ಇನ್ನೊಂದು ಬೂಗೇರ್‌ನದು. ಭೂಮಿಯ ಆಕಾರ ಅಳೆಯಲಿಕ್ಕೆ ಪೆರುವಿಗೆ ಹೋಗಿ ವರ್ಷಗಟ್ಟಲೆ ಪರ್ವತದಲ್ಲಿ ಕಳೆದ ಫ್ರೆಂಚ್ ವಿಜ್ಞಾನಿ ಇವನು. 1758ರಲ್ಲಿ ತೀರಿಕೊಂಡ, ಪುಸ್ತಕ ಬಂದದ್ದು ಆಮೇಲೆ. ಲ್ಯಾಂಬರ್ಟ್ ಮೇಲ್ಮೈಯ ಒಳಗುಟ್ಟಿಗೆ ಹೋಗದೆ ಒಂದು ಸುಂದರ ನಿಯಮ ಕೊಟ್ಟ. ಬೂಗೇರ್ ಪುಟ್ಟ ಮುಖಗಳನ್ನೇ ಹಿಡಿದು, ಯಾವ ಓರೆಯ ಮುಖಗಳು ಎಷ್ಟೆಷ್ಟು ಇದ್ದಾವೆ ಅಂತ ಅಳತೆಯಿಂದ ಹಿಂದಕ್ಕೆ ಲೆಕ್ಕ ಹಾಕಲು ನೋಡಿದ. ಪಠ್ಯಪುಸ್ತಕಗಳಲ್ಲಿ ಲ್ಯಾಂಬರ್ಟ್ ಉಳಿದ, ಬೂಗೇರ್ ಕಾಣೆಯಾದ. ಇದು ನನಗೆ ಅನ್ಯಾಯ ಅನ್ನಿಸುತ್ತದೆ. ಯಾಕೆಂದರೆ ಹುಣ್ಣಿಮೆಯ ಚಂದ್ರನೇ ಲ್ಯಾಂಬರ್ಟ್‌ನ ನಿಯಮ ಪಾಲಿಸುವುದಿಲ್ಲ. ಆ ನಿಯಮದ ಪ್ರಕಾರ ಗೋಲದ ಅಂಚು ಮಸುಕಾಗಿ ಕಾಣಬೇಕು. ಚಂದ್ರನೋ ಅಂಚಿನವರೆಗೂ ಹೆಚ್ಚುಕಡಿಮೆ ಒಂದೇ ಹೊಳಪಿನ ಬಟ್ಟಲು.

ಈಗ ರ‍್ಯಾಲೆ. 1901ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಈತ ಮಾಡಿದ ಒಂದು ಉಪನ್ಯಾಸದ ವಿಷಯವೇ ‘ಪಾಲಿಶ್’. ಅಷ್ಟು ದೊಡ್ಡ ವಿಜ್ಞಾನಿ ಉಜ್ಜುವುದರ ಬಗ್ಗೆ ಮಾತಾಡಲು ನಿಂತದ್ದೇ ನನಗೆ ಇಷ್ಟ. ಉಜ್ಜುತ್ತಿರುವ ಗಾಜನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅವನು ಕಂಡದ್ದು ಇದು: ನಯ ಎಂಬುದು ಇಡೀ ಗಾಜಿಗೆ ನಿಧಾನವಾಗಿ ಏರುವ ಬಣ್ಣದ ಹಾಗಲ್ಲ. ಎತ್ತರದ ಜಾಗಗಳು ಮೊದಲೇ ಪೂರ್ತಿ ನಯವಾಗಿಬಿಡುತ್ತವೆ, ಗುಂಡಿಗಳು ಗುಂಡಿಗಳಾಗಿಯೇ ಉಳಿಯುತ್ತವೆ. ಮುಂದಿನ ಕೆಲಸವೆಲ್ಲ ಆ ನಯವಾದ ದ್ವೀಪಗಳು ಬೆಳೆದು ಗುಂಡಿಗಳನ್ನು ನುಂಗುವುದು. ಅಂದರೆ ನುಣ್ಣಗೆ ತಿಕ್ಕುವುದು ಬೇರೆ, ಪಾಲಿಶ್ ಬೇರೆ.

ನ್ಯೂಟನ್‌ನ ಪ್ರಶ್ನೆಗೆ ಉತ್ತರವೂ ರ‍್ಯಾಲೆಯ ಹೆಸರಿನ ಅಳತೆಗೋಲಿನಲ್ಲೇ ಉಂಟು. ಎರಡು ಕಿರಣ ಬಂದವು ಅಂತ ಇಟ್ಟುಕೊಳ್ಳಿ, ಒಂದು ದಿಬ್ಬಕ್ಕೆ ಬಡಿಯಿತು, ಒಂದು ತಗ್ಗಿಗೆ. ತಗ್ಗಿಗೆ ಹೋದದ್ದು ಸ್ವಲ್ಪ ಹೆಚ್ಚು ದಾರಿ ನಡೆಯಬೇಕು, ಇಳಿಯುವಾಗ ಒಂದಷ್ಟು, ಹತ್ತುವಾಗ ಒಂದಷ್ಟು. ಈ ಹೆಚ್ಚುವರಿ ದಾರಿ ಅಲೆಯ ಉದ್ದದ ಮುಂದೆ ಚಿಕ್ಕದಾದರೆ ಎರಡೂ ಅಲೆಗಳು ಒಟ್ಟಿಗೇ ಹೋಗುತ್ತವೆ. ನಮ್ಮ ಕಡೆ ಯಕ್ಷಗಾನದಲ್ಲಿ ಎರಡು ಚೆಂಡೆ ಒಟ್ಟಿಗೆ ಬಾರಿಸುವುದನ್ನು ಕೇಳಿದವರಿಗೆ ಇದು ಗೊತ್ತುಂಟು. ಒಬ್ಬರ ಪೆಟ್ಟು ಕೂದಲೆಳೆಯಷ್ಟು ತಡವಾದರೆ ಕಿವಿಗೆ ಅದು ಒಂದೇ ಪೆಟ್ಟು. ಜಾಸ್ತಿ ತಡವಾದರೆ ತಾಳ ಕೆಟ್ಟಿತು. ಹೆಚ್ಚುವರಿ ದಾರಿ ಅಲೆಯ ಉದ್ದದ ಕಾಲು ಭಾಗದೊಳಗೆ ಇದ್ದರೆ ಮೇಲ್ಮೈ ನುಣುಪು, ದಾಟಿದರೆ ಒರಟು. ನೆಟ್ಟಗೆ ಬಿದ್ದ ಬೆಳಕಿಗೆ ದಾರಿ ಎರಡು ಪಟ್ಟಾಗುವುದರಿಂದ ಉಬ್ಬಿನ ಎತ್ತರ ಅಲೆಯ ಉದ್ದದ ಎಂಟನೇ ಒಂದು ಭಾಗದೊಳಗೆ ಇರಬೇಕು. 550 ನ್ಯಾನೋಮೀಟರಿನ ಹಸಿರು ಬೆಳಕಿಗೆ ಅದು ಸುಮಾರು 69 ನ್ಯಾನೋಮೀಟರ್. ನ್ಯೂಟನ್‌ನ ಗೀರುಗಳು ಗಾಜಿನಲ್ಲಿ ಇದ್ದವು, ಆದರೆ ಬೆಳಕಿನ ಲೆಕ್ಕಕ್ಕೆ ಬರುವಷ್ಟು ಆಳ ಇರಲಿಲ್ಲ.

ಬೆಳಕು ಓರೆಯಾಗಿ ಬಂದರೆ ಇನ್ನೊಂದು ಚಮತ್ಕಾರ. ಓರೆ ಹೆಚ್ಚಿದಷ್ಟೂ ಆ ಹೆಚ್ಚುವರಿ ದಾರಿ ಕಡಿಮೆಯಾಗುತ್ತದೆ. ಲಂಬದಿಂದ 85 ಡಿಗ್ರಿ ವಾಲಿದ ಬೆಳಕಿಗೆ ಅದೇ ಲೆಕ್ಕದಲ್ಲಿ ಸುಮಾರು 790 ನ್ಯಾನೋಮೀಟರ್ ಎತ್ತರದ ಉಬ್ಬೂ ನುಣುಪೇ. ಈಗಲೇ ಬೇಕಾದರೆ ಮಾಡಿ ನೋಡಿ. ಒಂದು ಬಿಳಿ ಹಾಳೆಯನ್ನು ಕಣ್ಣಿನ ಮಟ್ಟದಲ್ಲಿ ಚಪ್ಪಟೆಯಾಗಿ ಹಿಡಿದು, ಅದರ ಅಂಚಿನಿಂದ ಎದುರಿನ ಕಿಟಕಿಯ ಕಡೆಗೆ ನೋಡಿ. ಕನ್ನಡಿಯಲ್ಲದ ಹಾಳೆಯಲ್ಲಿ ಕಿಟಕಿಯ ಮಬ್ಬು ನೆರಳು ಮಿನುಗುತ್ತದೆ. ಹಳೇ ಮನೆಯ ಕಾವಿ ನೆಲದಲ್ಲಿ ಮಲಗಿ ಬಾಗಿಲಿನ ಕಡೆ ನೋಡಿದ ಮಕ್ಕಳಿಗೆಲ್ಲ ಇದು ಪರಿಚಿತ. ತಿಕ್ಕಿ ಮಸುಕು ಮಾಡಿದ ಗಾಜಿನಲ್ಲಿ ಹೀಗೆ ನೋಡುವಾಗ ದೀಪದ ಬಿಂಬ ಮೊದಲು ಕೆಂಪಾಗಿ ಕಾಣಿಸಿಕೊಳ್ಳುತ್ತದೆ. ಕೆಂಪಿನ ಅಲೆ ಉದ್ದ, ಅದಕ್ಕೆ ಗಾಜು ಬೇಗ ನುಣುಪಾಗುತ್ತದೆ. ಅದೇ ಗಾಜು, ಅದೇ ಕ್ಷಣ, ಕೆಂಪಿಗೆ ಕನ್ನಡಿ ಮತ್ತು ನೀಲಿಗೆ ಗೋಡೆ. ಇಷ್ಟಾದ ಮೇಲೆ ‘ಈ ಗಾಜು ಒರಟು’ ಎಂಬ ವಾಕ್ಯ ಪೂರ್ಣವಲ್ಲ. ಯಾವ ಬೆಳಕಿಗೆ, ಯಾವ ಓರೆಯಲ್ಲಿ ಅಂತ ಹೇಳಲೇಬೇಕು. ನನ್ನ ಇಡೀ ಪ್ರಬಂಧಕ್ಕೆ ಇದೇ ಕೀಲು.

ಈ ವಿಚಾರ ಸಂಕಿರಣದ ಭೂಪಟದಲ್ಲಿ ನೀಲಗಿರಿಯೂ ಇರುವುದರಿಂದ ಅಲ್ಲಿಯದೇ ಒಂದು ಉದಾಹರಣೆ. ಊಟಿ ಹತ್ತಿರದ ಮುತ್ತೊರೈಯಲ್ಲಿ 1970ರಿಂದ ಕೆಲಸ ಮಾಡುತ್ತಿರುವ ರೇಡಿಯೊ ದೂರದರ್ಶಕ ಉಂಟು. ಗೋವಿಂದ ಸ್ವರೂಪ್ ಅವರ ನೇತೃತ್ವದಲ್ಲಿ ಕಟ್ಟಿದ್ದು. 530 ಮೀಟರ್ ಉದ್ದ, 30 ಮೀಟರ್ ಅಗಲ. ಊರಿನ ಅಕ್ಷಾಂಶ ಸುಮಾರು 11 ಡಿಗ್ರಿ, ಗುಡ್ಡದ ಇಳಿಜಾರೂ ಅಷ್ಟೇ ಇರುವ ಜಾಗ ಹುಡುಕಿ ಕಟ್ಟಿದ್ದರಿಂದ ಅದರ ಅಕ್ಷ ಭೂಮಿಯ ಅಕ್ಷಕ್ಕೆ ಸಮಾಂತರ. ಈಗ ಅದರ ‘ಕನ್ನಡಿ’ ನೋಡಿ. ಅದು ತಗಡೂ ಅಲ್ಲ, ಗಾಜೂ ಅಲ್ಲ. ಉದ್ದಕ್ಕೆ ಎಳೆದು ಕಟ್ಟಿದ 1100 ಸ್ಟೀಲ್ ತಂತಿಗಳು. 30 ಮೀಟರಿಗೆ 1100 ಅಂದರೆ ತಂತಿಗೂ ತಂತಿಗೂ ನಡುವೆ ಎರಡೂವರೆ ಮೂರು ಸೆಂಟಿಮೀಟರ್ ಖಾಲಿ ಜಾಗ. ಬಟ್ಟೆ ಒಣಗಿಸುವ ಹಗ್ಗದ ಸಾಲು ಅನ್ನಬಹುದು. ಆದರೆ ಅದು ಹಿಡಿಯುವ ಅಲೆಯ ಉದ್ದ ಸುಮಾರು 92 ಸೆಂಟಿಮೀಟರ್. ರ‍್ಯಾಲೆಯ ಅಳತೆಗೋಲಿನಲ್ಲಿ ಹನ್ನೊಂದು ಸೆಂಟಿಮೀಟರ್ ಏರುಪೇರೂ ಅದಕ್ಕೆ ನುಣುಪು. ಎಂಜಿನಿಯರುಗಳು ಇದಕ್ಕಿಂತ ಬಿಗಿ ಅಳತೆ ಇಟ್ಟುಕೊಳ್ಳುತ್ತಾರೆ, ಆ ಮಾತು ಬೇರೆ. ಹಕ್ಕಿ ನುಗ್ಗಿ ಹೋಗಬಹುದಾದ ಆ ತಂತಿ ಸಾಲು ದೂರದ ಗೆಲಾಕ್ಸಿಯಿಂದ ಬಂದ ಅಲೆಗೆ ಒಳ್ಳೆಯ ಕನ್ನಡಿ.

ಇದರ ಎದುರು ತುದಿಯಲ್ಲಿ ನಿಂತ ನೀರು ಇದೆ. ಗಾಳಿಯಿಲ್ಲದ ಕೆರೆಯ ನೀರಿಗಿಂತ ನುಣುಪಾದದ್ದು ಏನುಂಟು ಅಂತ ನಾವು ಅಂದುಕೊಳ್ಳುತ್ತೇವೆ. ಅಣುಗಳ ಬಿಸಿಯ ಅಲುಗಾಟದಿಂದಲೇ ದ್ರವದ ಮೇಲ್ಮೈ ಸದಾ ಸಣ್ಣಗೆ ಕಂಪಿಸುತ್ತಿರಬೇಕು ಎಂದು ಸ್ಮೊಲುಕೊವ್‌ಸ್ಕಿ 1908ರಲ್ಲಿ ಸೂಚಿಸಿದ, ಮಾಂಡೆಲ್‌ಸ್ಟಾಮ್ 1913ರಲ್ಲಿ ಅದರಿಂದ ಬೆಳಕು ಚದುರುವುದನ್ನು ಲೆಕ್ಕಕ್ಕೆ ತಂದ. ಕಲ್ಕತ್ತೆಯಲ್ಲಿದ್ದ ಸಿ.ವಿ. ರಾಮನ್ ಮತ್ತು ಎಲ್.ಎ. ರಾಮದಾಸ್ ದ್ರವಗಳ ಮೇಲ್ಮೈಯಿಂದ ಹಾಗೆ ಚದುರಿದ ಮಂದ ಬೆಳಕನ್ನು ಹಿಡಿದು, ಮೇಲ್ಮೈ ಸೆಳೆತದ ಜತೆಗೆ ಅದಕ್ಕಿರುವ ಸಂಬಂಧವನ್ನು 1925ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ರಾಮನ್ ಪರಿಣಾಮಕ್ಕೆ ಮೂರು ವರ್ಷ ಮೊದಲಿನ ಮಾತು. ಮುಂದೆ ಎಕ್ಸ್‌ರೇ ಪ್ರತಿಫಲನದಿಂದ ಅಳೆದಾಗ ನೀರಿನ ಆ ಏರಿಳಿತ ಸುಮಾರು 0.3 ನ್ಯಾನೋಮೀಟರ್ ಅಂತ ಸಿಕ್ಕಿತು. ಇದು ಯಾರೂ ಉಜ್ಜದೆ, ಯಾರೂ ಗೀರದೆ, ಕೇವಲ ಬಿಸಿಯಿಂದ ಹುಟ್ಟಿದ ಒರಟುತನ.

ಎರಡನೇ ಮಹಾಯುದ್ಧ ಈ ವಿದ್ಯೆಯನ್ನು ಪೂರ್ತಿ ಬದಲಾಯಿಸಿತು. ರೇಡಾರ್ ಬಂತು, ಸಮುದ್ರದ ಅಲೆಗಳಿಂದ ಚದುರಿ ಬಂದ ಪ್ರತಿಧ್ವನಿಯಲ್ಲಿ ಹಡಗಿನ ಪ್ರತಿಧ್ವನಿ ಮುಚ್ಚಿಹೋಗುತ್ತಿತ್ತು. ಸಮುದ್ರದ ಮೇಲ್ಮೈಯನ್ನು ಗೆರೆಗೆರೆಯಾಗಿ ಯಾರಿಂದ ಬರೆಯಲಿಕ್ಕೆ ಆಗ್ತದೆ? ಬರೆದು ಮುಗಿಸುವುದರೊಳಗೆ ಅದು ಬದಲಾಗಿರುತ್ತದೆ. ಹಾಗಾಗಿ ವಿಜ್ಞಾನಿಗಳು ಒಂದು ದೊಡ್ಡ ತ್ಯಾಗ ಮಾಡಿದರು: ನಿಜವಾದ ಮೇಲ್ಮೈ ತಿಳಿಯುವ ಆಸೆ ಬಿಟ್ಟರು. ಅದರ ಏರಿಳಿತದ ಸರಾಸರಿ ಎಷ್ಟು, ಒಂದು ಜಾಗದ ಎತ್ತರ ಪಕ್ಕದ ಜಾಗದ ಎತ್ತರವನ್ನು ಎಷ್ಟು ದೂರದವರೆಗೆ ನೆನಪಿಟ್ಟುಕೊಳ್ಳುತ್ತದೆ, ಇಷ್ಟು ಮಾತ್ರ ಸಾಕು ಅಂದರು. 1951ರಲ್ಲಿ ಬೆಲ್ ಲ್ಯಾಬ್ಸ್‌ನ ರೈಸ್, 1954ರಲ್ಲಿ ಡೇವಿಸ್ ಈ ದಾರಿಯಲ್ಲಿ ಮುಖ್ಯ ಲೇಖನ ಬರೆದರು. ಎರಡೂ ರೇಡಿಯೊ ಅಲೆಗಳ ಬಗ್ಗೆ, ಗಾಜಿನ ಮಾತೇ ಇಲ್ಲ.

ಅದನ್ನು ಗಾಜಿಗೆ, ಲೋಹದ ಕನ್ನಡಿಗೆ ತಂದವರು ಬೆನೆಟ್ ಮತ್ತು ಪೋರ್ಟಿಯಸ್. ಕ್ಯಾಲಿಫೋರ್ನಿಯಾದ ಚೈನಾ ಲೇಕ್‌ನಲ್ಲಿರುವ ನೌಕಾಪಡೆಯ ಪ್ರಯೋಗಾಲಯದವರು. 1961ರ ಅವರ ಲೇಖನದಿಂದ ಬಂದ ಸೂತ್ರ ಈ ಕ್ಷೇತ್ರದವರ ಬಾಯಿಪಾಠ. ಮಾತಿನಲ್ಲಿ ಹೇಳುವುದಾದರೆ: ಏರಿಳಿತದ ಸರಾಸರಿ ಎತ್ತರವನ್ನು ನಾಲ್ಕು ಪೈಯಿಂದ ಗುಣಿಸಿ, ಬೆಳಕಿನ ಅಲೆಯ ಉದ್ದದಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ. ಪ್ರತಿಫಲಿಸಿದ ಬೆಳಕಿನಲ್ಲಿ ಅಷ್ಟು ಭಾಗ ನೇರ ದಾರಿ ಬಿಟ್ಟು ಚದುರಿತು. ಲೆಕ್ಕ ಹಾಕಿದರೆ 633 ನ್ಯಾನೋಮೀಟರಿನ ಕೆಂಪು ಲೇಸರ್‌ಗೆ 1 ನ್ಯಾನೋಮೀಟರ್ ಒರಟಿನ ಕನ್ನಡಿ ಚದುರಿಸುವುದು ಸುಮಾರು ಶೇ. 0.04. ಒರಟು 5 ನ್ಯಾನೋಮೀಟರ್ ಆದರೆ ಶೇ. 1ರ ಹತ್ತಿರ. ಒರಟು ಎರಡು ಪಟ್ಟಾದರೆ ಚದುರುವುದು ನಾಲ್ಕು ಪಟ್ಟು. ಅಲೆಯ ಉದ್ದ ಅರ್ಧವಾದರೂ ನಾಲ್ಕು ಪಟ್ಟು. ಮೇಲ್ಮೈಯನ್ನು ಮುಟ್ಟದೆ, ಬರೀ ಹಿಂದಿರುಗಿದ ಬೆಳಕನ್ನು ಅಳೆದು ಅದರ ಒರಟುತನ ಹೇಳಬಹುದು ಅಂತಾಯ್ತು. ಉಬ್ಬುಗಳು ಬೆಳಕಿನ ಅಲೆಗಿಂತ ತುಂಬಾ ಚಿಕ್ಕದಾಗಿರುವವರೆಗೆ ಮಾತ್ರ ಈ ಸೂತ್ರ ನಂಬುವಂಥದ್ದು. ಅದಕ್ಕಿಂತ ದೊಡ್ಡ ಒರಟಿಗೆ ಬೆಕ್‌ಮನ್ ಮತ್ತು ಸ್ಪಿಟ್ಸಿಕಿನೊ 1963ರಲ್ಲಿ ಇಡೀ ಒಂದು ಗ್ರಂಥವನ್ನೇ ಬರೆಯಬೇಕಾಯಿತು.

ಎಷ್ಟು ಚದುರಿತು ಎಂಬುದಕ್ಕೆ ಉತ್ತರ ಸಿಕ್ಕಿತು. ಎಲ್ಲಿಗೆ ಚದುರಿತು? ಇಲ್ಲಿ ನಮ್ಮ ಶಬ್ದದ ಬಗ್ಗೆ ಒಂದು ನಿಮಿಷ. ಕನ್ನಡದಲ್ಲಿ ‘ಚದುರುವಿಕೆ’ ಅನ್ನುತ್ತೇವೆ. ಗಡಿಯಲ್ಲಿರುವ ನಮಗೆ ಪಕ್ಕದ ಕ್ಲಾಸಿನಿಂದ ಮಲಯಾಳದ ‘ವಿಸರಣಂ’ ಕೂಡ ಕೇಳಿಸುತ್ತಿರುತ್ತದೆ. ವಿಸರಣ ಅಂದರೆ ಹರಡುವುದು. ಚದುರುವುದರಲ್ಲಿ ಮಾತ್ರ ಒಟ್ಟಿಗೆ ಇದ್ದದ್ದು ಬೇರೆಯಾಯಿತು ಎಂಬ ಅರ್ಥ ಉಂಟು. ಗುಂಪು ಚದುರುತ್ತದೆ, ಮೋಡ ಚದುರುತ್ತದೆ. ನನಗೆ ನಮ್ಮ ಶಬ್ದವೇ ಮೇಲು ಅನ್ನಿಸುತ್ತದೆ. ಆದರೆ ಅದರಲ್ಲೊಂದು ತೊಡಕೂ ಇದೆ: ಚದುರಿದ್ದಕ್ಕೆ ಕ್ರಮ ಇಲ್ಲ, ದಿಕ್ಕಾಪಾಲು ಎಂಬ ಧ್ವನಿ. ಶಾಲೆಯ ಪುಸ್ತಕದ ಆ ಬಾಣಗಳು ಇದೇ ಧ್ವನಿಯ ಚಿತ್ರ. ನಿಜಸಂಗತಿ ಹಾಗಿಲ್ಲ.

ಯಾವುದೇ ಒರಟು ಮೇಲ್ಮೈಯನ್ನು ಬೇರೆ ಬೇರೆ ಅಂತರದ ಸಣ್ಣ ಸಣ್ಣ ತೆರೆಗಳ ಮೊತ್ತವಾಗಿ ಬಿಡಿಸಬಹುದು. ಬೇರೆ ಬೇರೆ ಸ್ವರಗಳು ಸೇರಿ ಒಂದು ಸದ್ದಾಗುವ ಹಾಗೆ. ಪ್ರತಿಯೊಂದು ತೆರೆಯೂ ಬೆಳಕಿಗೆ ಒಂದು ಗ್ರೇಟಿಂಗ್. ತೆರೆತೆರೆ ಮೇಲ್ಮೈಯಿಂದ ಅಲೆ ಹಿಂದಿರುಗುವುದನ್ನು ರ‍್ಯಾಲೆ 1907ರಲ್ಲೇ ಲೆಕ್ಕ ಮಾಡಿದ್ದ. ಒಂದು ಅಂತರದ ತೆರೆ ಬೆಳಕನ್ನು ಒಂದು ನಿರ್ದಿಷ್ಟ ಕೋನಕ್ಕೆ ಮಾತ್ರ ಕಳಿಸುತ್ತದೆ. ಕೆಂಪು ಲೇಸರ್ ನೆಟ್ಟಗೆ ಬಿದ್ದರೆ 100 ಮೈಕ್ರಾನ್ ಅಂತರದ ತೆರೆ ಅದನ್ನು ಮೂರನೇ ಒಂದು ಡಿಗ್ರಿಯಷ್ಟು ಮಾತ್ರ ಸರಿಸುತ್ತದೆ, 10 ಮೈಕ್ರಾನಿನದು ಮೂರೂವರೆ ಡಿಗ್ರಿ ದಾಟಿಸುತ್ತದೆ, 1 ಮೈಕ್ರಾನಿನದು ಸುಮಾರು 39 ಡಿಗ್ರಿಗೆ ಎಸೆಯುತ್ತದೆ. ತೆರೆಯ ಎತ್ತರ ಎಷ್ಟು ಬೆಳಕು ಅಂತ ನಿರ್ಧರಿಸುತ್ತದೆ, ಅಂತರ ಎಲ್ಲಿಗೆ ಅಂತ. ಹಾಗಾಗಿ ಚದುರಿದ ಬೆಳಕಿನ ನಕ್ಷೆ ಮೇಲ್ಮೈಯೇ ಬರೆದುಕೊಂಡ ತನ್ನ ಚರಿತ್ರೆ. 1970ರ ದಶಕದಲ್ಲಿ ಯೂಜಿನ್ ಚರ್ಚ್ ಈ ಓದನ್ನು ಕನ್ನಡಿಗಳಿಗೆ ಗಟ್ಟಿಯಾಗಿ ಅನ್ವಯಿಸಿದ. 1976ರಲ್ಲಿ ಅರಿಜೋನಾದಲ್ಲಿ ಹಾರ್ವಿ, ಶ್ಯಾಕ್ ಅವರ ಮಾರ್ಗದರ್ಶನದಲ್ಲಿ, ಇನ್ನೊಂದು ದಿಕ್ಕಿನಿಂದ ಅದೇ ಊರಿಗೆ ಬಂದ.

ಇನ್ನೂ ಸಣ್ಣ ತೆರೆಗಳಿದ್ದರೆ? ತೆರೆಯ ಅಂತರ ಬೆಳಕಿನ ಅಲೆಗಿಂತ ಕಡಿಮೆಯಾದರೆ, ನೆಟ್ಟಗೆ ಬಿದ್ದ ಬೆಳಕನ್ನು ಅದು ಎಲ್ಲಿಗೂ ಕಳಿಸಲಾರದು. ಬೆಳಕಿನ ಮಟ್ಟಿಗೆ ಆ ತೆರೆ ಇಲ್ಲವೇ ಇಲ್ಲ. ಅಂದರೆ ಬೆಳಕು ಹೇಳುವ ಒರಟುತನ ಬೇರೆ, ಸೂಜಿಯಿಂದ ಸವರಿ ಅಳೆಯುವ ಒರಟುತನ ಬೇರೆ. ಸೂಜಿಯ ಮೊನೆ ಎಷ್ಟು ಚೂಪು, ಅದು ಎಷ್ಟು ದೂರ ಸವರಿತು ಎಂಬುದರ ಮೇಲೆ ಅದರ ಉತ್ತರ. ಸೇಲ್ಸ್ ಮತ್ತು ಥಾಮಸ್ 1978ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದನ್ನು ಮತ್ತೂ ಮುಂದಕ್ಕೆ ಒಯ್ದರು. ಬಹಳಷ್ಟು ಮೇಲ್ಮೈಗಳಲ್ಲಿ ಹೆಚ್ಚು ಉದ್ದ ಅಳೆದಷ್ಟೂ ಒರಟುತನ ಹೆಚ್ಚುತ್ತಲೇ ಹೋಗುತ್ತದೆ, ಒಂದು ಸಂಖ್ಯೆಯಲ್ಲಿ ನಿಲ್ಲುವುದಿಲ್ಲ. ಲೇಖನ ಬಂದ ವರ್ಷವೇ ಬೆರಿ ಮತ್ತು ಹ್ಯಾನೇ ಅದಕ್ಕೆ ಪ್ರತಿಕ್ರಿಯೆ ಬರೆದರು, ಚರ್ಚೆ ನಡೆಯಿತು. ಹೀಗೆ ರ‍್ಯಾಲೆಯ ಕಾಲದಲ್ಲಿ ಸಂಬಂಧವಾಗಿದ್ದ ಒರಟು, ಈಗ ಒಂದು ಸಂಖ್ಯೆಯೂ ಅಲ್ಲ. ಯಾವ ಅಳತೆಯಿಂದ ಯಾವ ಅಳತೆಯವರೆಗೆ ಅಂತ ಹೇಳದೆ ಕೊಟ್ಟ ಒರಟಿನ ಅಂಕಿಗೆ ಅರ್ಥವಿಲ್ಲ.

ಇದು ಪಂಡಿತರ ಜಗಳ ಮಾತ್ರ ಅಂದುಕೊಳ್ಳಬೇಡಿ. 1990ರ ಏಪ್ರಿಲ್‌ನಲ್ಲಿ ಹಬಲ್ ದೂರದರ್ಶಕ ಆಕಾಶಕ್ಕೆ ಹೋಯಿತು. ಅದರ 2.4 ಮೀಟರ್ ಕನ್ನಡಿ ಅದ್ಭುತ ನಯದ್ದು. ಚಿತ್ರಗಳು ಮಾತ್ರ ಮಸುಕು. ಅಂಚಿನ ಹತ್ತಿರ ಕನ್ನಡಿ ಇರಬೇಕಾದ್ದಕ್ಕಿಂತ ಸುಮಾರು 2.2 ಮೈಕ್ರಾನ್ ಚಪ್ಪಟೆಯಾಗಿತ್ತು. ಆ ತಪ್ಪು ಮೀಟರುಗಟ್ಟಲೆ ಹರಡಿದ್ದ ತಪ್ಪು, ಒರಟು ಅಲ್ಲ, ಆಕಾರದ್ದು. ಸಣ್ಣ ಅಂತರದಲ್ಲಿ ಎಷ್ಟು ನುಣುಪೋ ದೊಡ್ಡ ಅಂತರದಲ್ಲಿ ಅಷ್ಟೇ ತಪ್ಪು. 1993ರಲ್ಲಿ ಗಗನಯಾತ್ರಿಗಳು ಹೋಗಿ ಸರಿಪಡಿಸುವ ಕನ್ನಡಿಗಳನ್ನು ಕೂರಿಸಿದರು. ಆಕಾರದ ತಪ್ಪು ಖಚಿತವಾಗಿ ಗೊತ್ತಿದ್ದರೆ ಅದಕ್ಕೆ ಎದುರು ತಪ್ಪು ಮಾಡಿ ಸರಿ ಮಾಡಬಹುದು. ಒರಟನ್ನು ಹಾಗೆ ಸರಿ ಮಾಡಲಾಗುವುದಿಲ್ಲ, ಯಾಕೆಂದರೆ ಅದರ ಸರಾಸರಿ ಮಾತ್ರ ನಮಗೆ ಗೊತ್ತು.

ಗೆಲಿಲಿಯೋನ ಪುಟ್ಟ ಮುಖಗಳು ವಾಪಸ್ ಬಂದದ್ದು 1967ರಲ್ಲಿ. ಒರಟು ಲೋಹದ ಮೇಲೆ ತುಂಬ ಓರೆಯಾಗಿ ಬೆಳಕು ಬಿಟ್ಟರೆ ಹೆಚ್ಚು ಹೊಳಪು ಕನ್ನಡಿಯ ನಿಯಮದ ದಿಕ್ಕಿನಲ್ಲಿ ಇರುವುದಿಲ್ಲ, ಅದಕ್ಕಿಂತ ಆಚೆಗೆ ಜರುಗಿರುತ್ತದೆ. ಇದು ಯಾಕೆ ಅಂತ ವಿವರಿಸಲು ಟೊರೆನ್ಸ್ ಮತ್ತು ಸ್ಪಾರೊ ಮೇಲ್ಮೈಯನ್ನು ಪುಟ್ಟ ಕನ್ನಡಿಗಳ ಗುಂಪು ಅಂತ ಕಲ್ಪಿಸಿದರು. ಹೊಸದಾಗಿ ಸೇರಿಸಿದ್ದು ನೆರಳಿನ ಲೆಕ್ಕ: ಒಂದು ಮುಖ ಇನ್ನೊಂದಕ್ಕೆ ಬರುವ ಬೆಳಕನ್ನು ತಡೆಯುತ್ತದೆ, ಹೋಗುವ ಬೆಳಕನ್ನೂ ಮುಚ್ಚುತ್ತದೆ. 1982ರಲ್ಲಿ ಕುಕ್ ಮತ್ತು ಟೊರೆನ್ಸ್ ಇದನ್ನು ಕಂಪ್ಯೂಟರ್ ಚಿತ್ರಗಳಿಗೆ ಹೊಂದಿಸಿದರು. ಅದುವರೆಗೆ ಕಂಪ್ಯೂಟರಿನಲ್ಲಿ ಬರೆದ ತಾಮ್ರವೂ ಪ್ಲಾಸ್ಟಿಕ್‌ನಂತೆ ಕಾಣುತ್ತಿತ್ತು. ಇವತ್ತು ಸಿನಿಮಾದಲ್ಲಿ, ಮೊಬೈಲ್ ಆಟದಲ್ಲಿ ನೀವು ನೋಡುವ ಹೊಳೆಯುವ ಕತ್ತಿ, ಒದ್ದೆ ರಸ್ತೆ ಬಹುಪಾಲು ಈ ವಂಶದ ಸೂತ್ರಗಳಿಂದ ಹುಟ್ಟಿದ್ದು. ಬೂಗೇರ್‌ಗೆ ಇನ್ನೂರು ವರ್ಷ ತಡವಾಗಿಯಾದರೂ ನ್ಯಾಯ ಸಿಕ್ಕಿತು ಅನ್ನಬಹುದು.

ಅಲೆಯ ಮಾದರಿ ಒಂದು, ಪುಟ್ಟ ಮುಖಗಳ ಮಾದರಿ ಇನ್ನೊಂದು. ಇವನ್ನು ಎದುರಾಳಿ ಪಕ್ಷಗಳೆಂದು ನೋಡುವವರು ಉಂಟು. ನನಗೆ ಹಾಗೆ ಅನ್ನಿಸಲಿಲ್ಲ. ಅಲೆಯ ಮಾದರಿ ಬಹುಮಟ್ಟಿಗೆ ಕನ್ನಡಿ ಆಗಿಬಿಟ್ಟಿರುವ ವಸ್ತುವಿನ ಉಳಿದ ಕೊರತೆಯನ್ನು ಅಳೆಯುತ್ತದೆ; ಮುಖಗಳ ಮಾದರಿ ಬಹುಮಟ್ಟಿಗೆ ಗೋಡೆಯೇ ಆಗಿರುವ ವಸ್ತುವಿನಲ್ಲಿ ಉಳಿದ ಕನ್ನಡಿತನವನ್ನು ಹುಡುಕುತ್ತದೆ. ಎರಡರ ನಡುವಿನ ಜಾಗ, ಅಂದರೆ ಉಬ್ಬುಗಳು ಹೆಚ್ಚುಕಡಿಮೆ ಬೆಳಕಿನ ಅಲೆಯಷ್ಟೇ ಇರುವ ಜಾಗ, ಇವತ್ತಿಗೂ ಕಷ್ಟದ್ದು. ಅಲ್ಲಿ ಚಂದದ ಸೂತ್ರ ಇಲ್ಲ, ಕಂಪ್ಯೂಟರಿನಲ್ಲಿ ಬೆವರಿಳಿಸಿ ಲೆಕ್ಕ ಹಾಕಬೇಕು.

ಸಾಹಿತ್ಯದ ವಿದ್ಯಾರ್ಥಿಯಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಯುದ್ಧಾನಂತರದ ಆ ತ್ಯಾಗ. ಗೆಲಿಲಿಯೋ ಒಂದು ಗೋಡೆಯನ್ನು ತೋರಿಸಿ ಮಾತಾಡಿದ, ರ‍್ಯಾಲೆ ಒಂದು ಗಾಜನ್ನು. ರೈಸ್ ಮತ್ತು ಡೇವಿಸ್ ಯಾವ ಮೇಲ್ಮೈಯನ್ನೂ ತೋರಿಸುವುದಿಲ್ಲ. ಅವರ ಲೇಖನದ ನಾಯಕ ಯಾವುದೋ ಒಂದು ಮೇಲ್ಮೈಯಲ್ಲ, ಒಂದೇ ಸರಾಸರಿ ಇರುವ ಎಲ್ಲ ಮೇಲ್ಮೈಗಳ ಗುಂಪು. ಬಿಡಿ ವಸ್ತುವನ್ನು ತಿಳಿಯುವುದಿಲ್ಲ ಅಂತ ಒಪ್ಪಿಕೊಂಡ ಮೇಲೆಯೇ ಅದು ಬೆಳಕಿಗೆ ಏನು ಮಾಡುತ್ತದೆ ಅಂತ ಹೇಳಲು ಸಾಧ್ಯವಾಯಿತು. ನಾವು ವಿಮರ್ಶೆಯಲ್ಲಿ ಇದರ ತದ್ವಿರುದ್ಧ ಮಾಡುತ್ತೇವೆ, ಒಂದೇ ಪದ್ಯದ ಒಂದೇ ಗೀರಿಗೆ ಅಂಟಿಕೊಳ್ಳುತ್ತೇವೆ. ಯಾವುದು ಮೇಲು ಅಂತ ನಾನು ತೀರ್ಪು ಕೊಡುವುದಿಲ್ಲ. ಆದರೆ ಸರಾಸರಿಯ ಜ್ಞಾನ ಜ್ಞಾನವೇ ಅಲ್ಲ ಅಂತ ನಮ್ಮ ವಿಭಾಗಗಳಲ್ಲಿ ಆಗಾಗ ಹೇಳುವುದನ್ನು ಕೇಳಿದ್ದೇನೆ. ಆ ಮಾತನ್ನು ನಾನು ಇನ್ನು ಸುಲಭಕ್ಕೆ ಒಪ್ಪಲಾರೆ.

ಚಾಟ್‌ನಲ್ಲಿ ಎರಡು ಪ್ರಶ್ನೆ ಬಂದಿವೆ. ಒಂದು, ಗಡಿರೇಖೆಗೆ ಈ ರೂಪಕ ಅನ್ವಯಿಸಬಹುದಲ್ಲವೇ, ದೂರದಿಂದ ನುಣುಪು ಗೆರೆ, ಹತ್ತಿರದಿಂದ ಒರಟು ಅಂತ. ಅನ್ವಯಿಸಬಹುದು ಸರ್, ಅದು ಎಷ್ಟು ಸುಲಭಕ್ಕೆ ಹೊಂದುತ್ತದೆ ಅಂದರೆ ಅದಕ್ಕೇ ನಾನು ಮುಟ್ಟಲಿಲ್ಲ. ಗಡಿಯ ಮನೆಯವರಿಗೆ ಯಾವ ಅಳತೆಯಿಂದ ನೋಡಬೇಕು ಅನ್ನುವ ಆಯ್ಕೆ ಇರುವುದಿಲ್ಲ, ದೂರದರ್ಶಕ ಕಟ್ಟುವವರಿಗೆ ಇರುತ್ತದೆ.

ಎರಡನೆಯದು, ಪೂರ್ತಿ ನುಣುಪಾದ ಮೇಲ್ಮೈ ಮಾಡಲು ಆಗ್ತದಾ ಅಂತ. ಅಣುಗಳಿರುವವರೆಗೆ ಇಲ್ಲ. ಎಕ್ಸ್‌ರೇಯಲ್ಲಿ ಈ ಕಷ್ಟ ಚೆನ್ನಾಗಿ ಕಾಣುತ್ತದೆ. ಅದರ ಅಲೆ 1 ನ್ಯಾನೋಮೀಟರ್ ಅಂತ ಇಟ್ಟುಕೊಳ್ಳಿ. ನಿಂತ ನೀರಿನಷ್ಟೇ, 0.3 ನ್ಯಾನೋಮೀಟರ್ ಒರಟಿನ ಕನ್ನಡಿ ಮಾಡಿದಿರಿ. ನೆಟ್ಟಗೆ ಬಿದ್ದರೆ ಬೆನೆಟ್ ಮತ್ತು ಪೋರ್ಟಿಯಸ್ ಸೂತ್ರ 14 ಅಂತ ಉತ್ತರ ಕೊಡುತ್ತದೆ, ಬಂದದ್ದಕ್ಕಿಂತ ಹದಿನಾಲ್ಕು ಪಟ್ಟು ಚದುರಿತು ಅಂತ. ಅಂದರೆ ಸೂತ್ರವೇ ಕೈಚೆಲ್ಲಿತು. ಒಂದೇ ಡಿಗ್ರಿ ಓರೆಯಲ್ಲಿ ಸವರಿಕೊಂಡು ಹೋದರೆ ಅದೇ ಲೆಕ್ಕ ಶೇ. 0.4ಕ್ಕೆ ಇಳಿಯುತ್ತದೆ. ಎಕ್ಸ್‌ರೇ ಹಾಗೆ ಸವರಿ ಹೋದಾಗ ಮಾತ್ರ ಚೆನ್ನಾಗಿ ಪ್ರತಿಫಲಿಸುವುದು ಎಂಬುದು ಇನ್ನೂ ದೊಡ್ಡ ಕಾರಣ. 1999ರ ಜುಲೈಯಲ್ಲಿ ಹಾರಿಸಿದ, ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರಿನ ಚಂದ್ರಾ ದೂರದರ್ಶಕದಲ್ಲಿ ಆದ್ದರಿಂದ ಬಟ್ಟಲಿನಂಥ ಕನ್ನಡಿ ಇಲ್ಲ. ಒಂದರೊಳಗೊಂದು ಕೂರಿಸಿದ ನಾಲ್ಕು ಜೋಡಿ ಗಾಜಿನ ಕೊಳವೆಗಳು ಉಂಟು. ಎಕ್ಸ್‌ರೇ ಅವುಗಳ ಒಳಗೋಡೆಯನ್ನು ಸವರಿಕೊಂಡು ಹತ್ತು ಮೀಟರ್ ಆಚೆ ಒಂದು ಚುಕ್ಕೆಯಲ್ಲಿ ಸೇರುತ್ತದೆ.